ರಾಬರ್ಟ್ ಸ್ಮಾಲ್ಸ್: ಮೂರು ಇಸವಿಗಳಲ್ಲಿ ಒಂದು ಜೀವನ

ಅಮೆರಿಕದ ಅಂತರ್ಯುದ್ಧದ ಪಾಠಕ್ಕೆ ಪೂರಕವಾಗಿ ನಾನು ಆರಿಸಿಕೊಂಡದ್ದು ರಾಬರ್ಟ್ ಸ್ಮಾಲ್ಸ್ ಅವರ ಜೀವನವನ್ನು. ಗುಲಾಮರಾಗಿ ಹುಟ್ಟಿದ ಇವರು ಯುದ್ಧದಲ್ಲಿ ಸೇವೆ ಸಲ್ಲಿಸಿ, ಮುಂದೆ ದಕ್ಷಿಣ ಕೆರೊಲಿನಾ ರಾಜ್ಯದ ಶಾಸಕರಾದರು. ವ್ಯಕ್ತಿಚರಿತ್ರೆಯನ್ನು ಬೋಧಿಸುವಾಗ ಸಾಹಸದ ಪ್ರಸಂಗವೊಂದೇ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಇಡೀ ಪಾಠವನ್ನು ‘ಓದು ಯಾರ ಹಕ್ಕು?’ ಎಂಬ ಪ್ರಶ್ನೆಗೆ ಜೋಡಿಸಿ, ಕಪ್ಪುಹಲಗೆಯ ಮೇಲೆ ಮೂರು ಇಸವಿಗಳನ್ನು ಬರೆದೆ: 1834, 1868, 1895.

1834ರಲ್ಲಿ ದಕ್ಷಿಣ ಕೆರೊಲಿನಾದ ಶಾಸನಸಭೆಯು ಗುಲಾಮರಿಗೆ ಓದುಬರಹ ಕಲಿಸುವುದನ್ನು ಅಪರಾಧವಾಗಿಸಿತು. ಐದು ವರ್ಷಗಳ ನಂತರ, 1839ರಲ್ಲಿ, ಬ್ಯೂಫರ್ಟ್ ಪಟ್ಟಣದಲ್ಲಿ ಸ್ಮಾಲ್ಸ್ ಹುಟ್ಟಿದರು. ಅಕ್ಷರ ಸಿಗಲಿಲ್ಲ, ಆದರೆ ಚಾರ್ಲ್ಸ್‌ಟನ್ ಬಂದರಿನ ನೀರಿನ ದಾರಿಗಳನ್ನು ಚೆನ್ನಾಗಿ ಕಲಿತರು. ಯುದ್ಧ ಬಂದಾಗ ದಕ್ಷಿಣದ ಸೇನೆಯ ‘ಪ್ಲಾಂಟರ್’ ಎಂಬ ಉಗಿಹಡಗಿನಲ್ಲಿ ಚುಕ್ಕಾಣಿ ಹಿಡಿಯುವ ಕೆಲಸ ಅವರದಾಗಿತ್ತು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿದ್ದಾಗ, ಅವರು ಹಡಗನ್ನು ಹೊರಡಿಸಿದರು. ದಾರಿಯಲ್ಲಿ ಹೆಂಡತಿ ಮಕ್ಕಳನ್ನೂ ಸಂಗಾತಿಗಳ ಮನೆಯವರನ್ನೂ ಹತ್ತಿಸಿಕೊಂಡರು. ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತೊಟ್ಟು, ಸರಿಯಾದ ಸೀಟಿಯ ಸಂಕೇತ ನೀಡಿ ಸಮ್ಟರ್ ಕೋಟೆಯನ್ನು ದಾಟಿದರು; ಬಿಳಿ ಬಾವುಟ ಹಾರಿಸಿ ಹಡಗನ್ನು ಉತ್ತರದ ನೌಕಾಪಡೆಗೆ ಒಪ್ಪಿಸಿದರು. ನಂತರ ಅದೇ ಪಡೆಯ ಹಡಗುಗಳಿಗೆ ದಾರಿ ತೋರಿಸುತ್ತಾ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಓದುಬರಹ ಕಲಿತದ್ದೂ ಬಿಡುಗಡೆಯಾದ ಮೇಲೆಯೇ.

1868ರಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯಲು ಸೇರಿದ ಸಭೆಯಲ್ಲಿ ಕಪ್ಪು ಜನಾಂಗದ ಪ್ರತಿನಿಧಿಗಳೇ ಹೆಚ್ಚು. ಅವರಲ್ಲಿ ಸ್ಮಾಲ್ಸ್ ಒಬ್ಬರು. ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಾಲೆಗಳಿರಬೇಕೆಂದು ಅವರು ಒತ್ತಾಯಿಸಿದರು. ಸಂವಿಧಾನವೂ ಅದನ್ನು ಒಪ್ಪಿತು. ಅದೇ ವರ್ಷ ರಾಜ್ಯದ ಕೆಳಮನೆಗೆ, 1870ರಲ್ಲಿ ಮೇಲ್ಮನೆಗೆ ಆಯ್ಕೆಯಾದರು. 1875ರಿಂದ ರಾಷ್ಟ್ರದ ಕಾಂಗ್ರೆಸ್ಸಿನಲ್ಲಿಯೂ ಕುಳಿತರು.

1895ರಲ್ಲಿ ಮತ್ತೊಂದು ಸಂವಿಧಾನ ಸಭೆ ಸೇರಿತು. ಈಗ ಕಪ್ಪು ಪ್ರತಿನಿಧಿಗಳು ಆರೇ ಮಂದಿ. ಮತದಾರನಾಗಲು ಸಂವಿಧಾನದ ಒಂದು ವಿಧಿಯನ್ನು ಓದಿ ಬರೆಯಬೇಕು, ಅಥವಾ ಓದಿ ಹೇಳಿದ್ದನ್ನು ಅರ್ಥಮಾಡಿಕೊಂಡು ವಿವರಿಸಬೇಕು ಎಂಬ ನಿಯಮ ಬಂತು. 300 ಡಾಲರ್ ಬೆಲೆಯ ಆಸ್ತಿಯುಳ್ಳವರಿಗೂ ಅವಕಾಶವಿತ್ತು. ಸ್ಮಾಲ್ಸ್ ಇದನ್ನು ವಿರೋಧಿಸಿದರು. ಸಂವಿಧಾನಕ್ಕೆ ಸಹಿ ಹಾಕಲಿಲ್ಲ.

ಇಲ್ಲಿ ಪಾಠವನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳುವುದು ಅಗತ್ಯ: “ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಯಾರು?” ತೀರ್ಮಾನ ನೋಂದಣಿ ಅಧಿಕಾರಿಯ ಕೈಯಲ್ಲಿತ್ತು ಎಂದು ತಿಳಿದಾಗ ನಿಯಮದ ಒಳಮರ್ಮ ಮಕ್ಕಳಿಗೆ ಹೊಳೆಯುತ್ತದೆ. ಮೊದಲು ಓದನ್ನೇ ನಿಷೇಧಿಸಿದ ರಾಜ್ಯ, ಆಮೇಲೆ ಓದನ್ನೇ ಮತದ ಬಾಗಿಲಿಗೆ ಬೀಗವಾಗಿ ಹಾಕಿತು.

ಸ್ಮಾಲ್ಸ್ 1915ರಲ್ಲಿ ತೀರಿಕೊಂಡರು. ಅಂಥ ಪರೀಕ್ಷೆಗಳನ್ನು ದಕ್ಷಿಣದ ರಾಜ್ಯಗಳಲ್ಲಿ ತಡೆಹಿಡಿದ ಮತದಾನ ಹಕ್ಕು ಕಾಯ್ದೆ ಬಂದದ್ದು 1965ರಲ್ಲಿ. ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ಹಡಗಿನ ಕಥೆಗೆ ಹತ್ತು ನಿಮಿಷ ಕೊಡಿ, ಉಳಿದ ಅವಧಿಯನ್ನು ಆ ಎರಡು ಸಂವಿಧಾನಗಳಿಗೆ ಮೀಸಲಿಡಿ.