ಜವಾರಿಯ ಪಾಠ

ಮಿರಜದ ತಂಬೂರಿಯ ಕೀರ್ತಿಯನ್ನು ನಮ್ಮ ವಾಚಕರು ಅರಿಯದವರಲ್ಲ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅದರ ನಾದ ಹದಗೊಳ್ಳುವುದು ಕುಶಲಿಯ ಕೈಯಿಂದಷ್ಟೇ ಅಲ್ಲ. ಗಾಯಕನ ನಿಷ್ಕಪಟವಾದ ಮಾತಿನಿಂದಲೂ ಅಹುದು.

ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಅರದಿಂದ ನವಿರಾಗಿ ಉಜ್ಜಿ, ತಂತಿಯಡಿಯ ನೂಲಿನೆಳೆಯನ್ನು ಸರಿಸಿ ಝೇಂಕಾರ ಹೊಮ್ಮಿಸುವುದೇ ಜವಾರಿ. ಉಜ್ಜಿಹೋದುದನ್ನು ಮರಳಿ ಕೂಡಿಸಲಾಗದು. ಆದ್ದರಿಂದ ಬರಿಯ ‘ಚೆನ್ನಾಗಿಲ್ಲ’ ಎಂಬ ಮಾತು ಕುಶಲಿಗೆ ನಿರುಪಯೋಗಿ. ದಾಕ್ಷಿಣ್ಯದ ‘ಚೆನ್ನಾಗಿದೆ’ ಗಾಯಕನಿಗೇ ಹಾನಿ. ‘ಖರ್ಜದ ತಂತಿ ಮಂಕಾಗಿದೆ’ ಎಂದರೆ ಅರ ಎಲ್ಲಿ ಆಡಬೇಕೆಂಬುದು ತಿಳಿಯುತ್ತದೆ. ಕೇಳಿದವನೂ ಮುನಿಯದೆ, ಒಡನೆ ಅರವನ್ನೂ ಹಿಡಿಯದೆ, ಮೊದಲು ಎಳೆ ಸರಿಸಿ ತಾನೇ ಕಿವಿಗೊಡಬೇಕು.

ಮಿರಜದಲ್ಲಿ ನೆಲೆಸಿ 1937ರಲ್ಲಿ ಅಗಲಿದ ಅಬ್ದುಲ್ ಕರೀಂ ಖಾನರು ಗಾಯಕರೂ ಹೌದು, ವಾದ್ಯ ದುರಸ್ತಿಯಲ್ಲಿ ನುರಿತವರೂ ಹೌದು. ಹೇಳುವ ಬಾಯಿ, ತಿದ್ದುವ ಕೈ ಎರಡೂ ಅವರಲ್ಲಿದ್ದುವು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಯನ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಹರಿದುಬಂದಿತು.

ನಮ್ಮ ಮನೆಗಳಲ್ಲಿ ಮಕ್ಕಳು ಹಾಡಿದಾಗ ನಾವು ಬರಿದೆ ಹೊಗಳುತ್ತೇವೆ, ಇಲ್ಲವೇ ನಕ್ಕುಬಿಡುತ್ತೇವೆ. ‘ಮಗೂ, ಮೇಲಿನ ಷಡ್ಜ ಕೊಂಚ ಇಳಿಯಿತು, ಮತ್ತೊಮ್ಮೆ ಹಾಡು’ ಎನ್ನೋಣ. ಎಳೆಯ ಮನಸ್ಸನ್ನೂ ಹೆಚ್ಚು ಉಜ್ಜಿದರೆ ಮರಳಿ ಕೂಡಿಸಲಾಗದು.