ಒಂದು ಬೆಂಕಿ, ಒಂದು ನೆರಳು

ಶಿಕಾಗೊ ನಗರದ ನಡುಪೇಟೆಯಲ್ಲಿ, ಜ್ಯಾಕ್ಸನ್ ಬುಲೆವಾರ್ಡ್ ಮಗ್ಗುಲಿಗೆ, ಮೊನಾಡ್‌ನಾಕ್ ಎಂಬ ಕಂದು ಬಣ್ಣದ ಕಟ್ಟಡವಿದೆ. ದೂರದಿಂದ ಒಂದೇ ಕಟ್ಟಡ, ಹತ್ತಿರ ಹೋದರೆ ಎರಡು. ಉತ್ತರದ ಅರ್ಧ 1891ರದು. ಅದರ 16 ಮಹಡಿಗಳ ಭಾರವನ್ನು ಇಟ್ಟಿಗೆಯ ಹೊರಗೋಡೆಗಳೇ ಹೊರಬೇಕಿತ್ತು. ಹಾಗಾಗಿ ನೆಲಮಟ್ಟದಲ್ಲಿ ಗೋಡೆಯ ದಪ್ಪ 6 ಅಡಿ! ಕಿಟಕಿ ಪಕ್ಕ ನಿಂತರೆ ಬೆಳಕು ಸಣ್ಣ ಓಣಿಯೊಂದನ್ನು ದಾಟಿ ಒಳಗೆ ಬರಬೇಕು. ದಕ್ಷಿಣದ ಅರ್ಧ ಎರಡೇ ವರ್ಷಕ್ಕೆ ಕಿರಿಯದು, 1893ರದು. ಅದರೊಳಗೆ ಉಕ್ಕಿನ ಚೌಕಟ್ಟಿದೆ. ಗೋಡೆ ತೆಳುವಾಯಿತು, ಕಿಟಕಿ ಅಗಲವಾಯಿತು, ಬಾಡಿಗೆಗೆ ಕೊಡಬಹುದಾದ ಜಾಗ ಹೆಚ್ಚಿತು. ಗಗನಚುಂಬಿಯ ಹಿಂದುಮುಂದು ಎರಡನ್ನೂ ಒಂದೇ ಫುಟ್‌ಪಾತ್ ಮೇಲೆ ನಡೆಯುತ್ತಾ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಉತ್ತರದ ಭಾಗಕ್ಕೆ ದುಡ್ಡು ಹಾಕಿದ್ದು ಬಾಸ್ಟನ್ನಿನ ಸಿರಿವಂತ ಸೋದರರಾದ ಪೀಟರ್ ಮತ್ತು ಶೆಫರ್ಡ್ ಬ್ರೂಕ್ಸ್. ಗೋಡೆಯಿಂದ ಹೊರಗೆ ಚಾಚುವ ಕೆತ್ತನೆ ಏನೂ ಬೇಡ, ಅದರ ಮೇಲೆ ಕೊಳೆ ಕೂರುತ್ತದೆ, ಪಾರಿವಾಳ, ಗುಬ್ಬಿ ಕೂರುತ್ತವೆ ಎಂದು ಪೀಟರ್ ಬ್ರೂಕ್ಸ್ ತಾಕೀತು ಮಾಡಿದ್ದರು. ವಾಸ್ತುಶಿಲ್ಪಿ ಜಾನ್ ರೂಟ್ ನುಣುಪಾದ, ಬೋಳು ಗೋಡೆಯ ನಕ್ಷೆ ಬರೆದರು. ಮುಂದೆ ವಿಮರ್ಶಕರು ಆ ಬೋಳು ಗೋಡೆಯಲ್ಲಿ ಆಧುನಿಕತೆಯ ಮುನ್ನುಡಿ ಕಂಡು ಕೊಂಡಾಡಿದರು. ಅವರು ಕಂಡದ್ದು ಸುಳ್ಳಲ್ಲ, ಆದರೆ ಮೂಲದಲ್ಲಿ ಇದ್ದದ್ದು ಮಾಲೀಕನ ನಿರ್ವಹಣೆ ಖರ್ಚಿನ ಚಿಂತೆ.

ನಗರದ ನಡುಪೇಟೆಗಳ ಚರಿತ್ರೆ ಓದುತ್ತಾ ಹೋದರೆ ಇದೇ ಮತ್ತೆ ಮತ್ತೆ ಎದುರಾಗುತ್ತದೆ. ಕಟ್ಟಡದ ಎತ್ತರ, ಆಕಾರಗಳನ್ನು ನಾವು ವಾಸ್ತುಶಿಲ್ಪಿಯ ಪ್ರತಿಭೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ವಾಸ್ತವದಲ್ಲಿ ಅವನು ಪೆನ್ಸಿಲ್ ಹಿಡಿಯುವ ಹೊತ್ತಿಗೆ ನಿವೇಶನದ ಬೆಲೆ, ಮಣ್ಣಿನ ಗುಣ, ಬಾಡಿಗೆಯ ಲೆಕ್ಕ, ಎಲ್ಲಕ್ಕಿಂತ ಹೆಚ್ಚಾಗಿ ಆ ಊರಿನ ಕಾನೂನು ಸೇರಿ ಅರ್ಧ ನಕ್ಷೆ ಬರೆದು ಮುಗಿಸಿರುತ್ತವೆ. ಶಿಕಾಗೊ ಮತ್ತು ನ್ಯೂಯಾರ್ಕ್ ಈ ಮಾತಿಗೆ ಒಳ್ಳೆಯ ಸಾಕ್ಷಿ. ಎರಡೂ ಊರಿಗೆ ಲಿಫ್ಟ್ ಸಿಕ್ಕಿತು, ಎರಡಕ್ಕೂ ಅಗ್ಗದ ಉಕ್ಕು ಸಿಕ್ಕಿತು. ಆದರೂ ಅವು ಬೆಳೆದ ರೀತಿ ಬೇರೆ ಬೇರೆ.

ಶಿಕಾಗೊದ ಕಥೆ ಬೆಂಕಿಯಿಂದ ಶುರು. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಬೆಂಕಿ 10ರವರೆಗೂ ಉರಿಯಿತು. ಸುಮಾರು 300 ಜನ ಸತ್ತರು, ಲಕ್ಷ ಮಂದಿ ಬೀದಿಗೆ ಬಿದ್ದರು. ಓಲಿಯರಿ ಎಂಬ ಐರಿಷ್ ಹೆಂಗಸಿನ ಹಸು ಲಾಂದ್ರ ಒದ್ದದ್ದೇ ಕಾರಣ ಎಂಬ ಕಥೆ ಊರೆಲ್ಲ ಹಬ್ಬಿತು. ಪಾಪ, ಆ ಹಸುವಿನ ಮೇಲಿನ ಆರೋಪ ಕಳೆಯುವುದಕ್ಕೆ 126 ವರ್ಷ ಬೇಕಾಯಿತು: 1997ರಲ್ಲಿ ನಗರಸಭೆ ಹಸುವನ್ನೂ ಒಡತಿಯನ್ನೂ ನಿರ್ದೋಷಿಗಳೆಂದು ಸಾರಿತು. ಅದಿರಲಿ. ಮರದ ಊರು ಸುಟ್ಟು ಹೋದಮೇಲೆ ಉಳಿದದ್ದು ಖಾಲಿ ನಿವೇಶನ, ಏರುವ ಬೆಲೆ ಮತ್ತು ಬೆಂಕಿಗೆ ಬಗ್ಗದ ಕಟ್ಟಡ ಬೇಕೆಂಬ ಹಟ. ಪೂರ್ವಕ್ಕೆ ಮಿಷಿಗನ್ ಸರೋವರ, ಉತ್ತರಕ್ಕೂ ಪಶ್ಚಿಮಕ್ಕೂ ನದಿ, ದಕ್ಷಿಣಕ್ಕೆ ರೈಲ್ವೆ ಯಾರ್ಡ್‌ಗಳು. ಪೇಟೆ ಅಗಲಕ್ಕೆ ಬೆಳೆಯುವ ದಾರಿಯೇ ಇರಲಿಲ್ಲ. 1897ರಲ್ಲಿ ಎತ್ತರಿಸಿದ ರೈಲು ಹಳಿ ಅದೇ ಪೇಟೆಯನ್ನು ಸುತ್ತುವರಿಯಿತು. ಈಗಲೂ ಅದಕ್ಕೆ ‘ಲೂಪ್’ ಎಂದೇ ಹೆಸರು.

ಮೇಲೆ ಹೋಗೋಣವೆಂದರೆ ಕೆಳಗಿನ ನೆಲ ಒಪ್ಪಬೇಕಲ್ಲ! ಶಿಕಾಗೊದ ಅಡಿಯಲ್ಲಿರುವುದು ಮೆತ್ತನೆಯ ಜೇಡಿಮಣ್ಣು, ಬಂಡೆ ಎಲ್ಲೋ ಆಳದಲ್ಲಿ. ರೂಟ್ ರೈಲು ಕಂಬಿಗಳನ್ನು ಅಡ್ಡಡ್ಡ ಪೇರಿಸಿ ಕಾಂಕ್ರೀಟ್ ಸುರಿದು, ಕಟ್ಟಡ ಜೇಡಿಯ ಮೇಲೆ ತೇಲುವಂಥ ಅಡಿಪಾಯ ರೂಪಿಸಿದರು. ಹಾಗಿದ್ದೂ ಮೊನಾಡ್‌ನಾಕ್ ತನ್ನ ಇಟ್ಟಿಗೆಯ ಭಾರಕ್ಕೆ, ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಕುಸಿಯಿತು. ಗೋಡೆಯ ಭಾರ ಇಳಿಸುವ ಉಪಾಯ ಆಗಲೇ ಕಣ್ಣೆದುರಿಗಿತ್ತು. 1885ರಲ್ಲೇ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಎಂಜಿನಿಯರ್ 10 ಮಹಡಿಯ ಹೋಮ್ ಇನ್ಷೂರೆನ್ಸ್ ಕಟ್ಟಡವನ್ನು ಕಬ್ಬಿಣ ಮತ್ತು ಉಕ್ಕಿನ ಚೌಕಟ್ಟಿನ ಮೇಲೆ ನಿಲ್ಲಿಸಿದ್ದರು. ಜಗತ್ತಿನ ಮೊದಲ ಗಗನಚುಂಬಿ ಅದೇ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ತೀರ್ಮಾನವಾಗುವ ಮೊದಲೇ, 1931ರಲ್ಲಿ, ಕಟ್ಟಡವನ್ನು ಕೆಡವಿ ಹಾಕಿದರು.

ಇಷ್ಟೆಲ್ಲ ಹುಡುಕಿಕೊಂಡ ಊರು, ತಾನೇ ಮುಂದಾಗಿ ಎತ್ತರಕ್ಕೆ ಕಡಿವಾಣ ಹಾಕಿದ್ದು ವಿಚಿತ್ರ. 1892ರಲ್ಲಿ 302 ಅಡಿಯ ಮೇಸಾನಿಕ್ ಟೆಂಪಲ್ ಎದ್ದಿತು, ಮರುವರ್ಷವೇ 130 ಅಡಿ ಮೀರಕೂಡದು ಎಂಬ ನಿಯಮ ಬಂತು. ಬೆಂಕಿ, ಗಾಳಿ, ಬೆಳಕು ಎಂಬ ಕಾರಣಗಳನ್ನೆಲ್ಲ ಕೊಟ್ಟರು. ಹೊಸ ಕಚೇರಿಗಳು ಹೀಗೇ ಏಳುತ್ತಾ ಹೋದರೆ ತಮ್ಮ ಬಾಡಿಗೆ ಬಿದ್ದೀತು ಎಂಬ ಹಳೆಯ ಮಾಲೀಕರ ಭಯವೂ ಅದರ ಹಿಂದಿತ್ತು. ಮಿತಿ ಆಗಾಗ ಏರಿತು, ಇಳಿಯಿತು. 1902ರಲ್ಲಿ 260 ಅಡಿ, 1911ರಲ್ಲಿ ಮತ್ತೆ 200. ಪರಿಣಾಮ ಕಟ್ಟಡಗಳ ಮೈಮೇಲೆ ಕಾಣುತ್ತದೆ. ಟ್ಯೂಬ್‌ಲೈಟ್ ಇಲ್ಲದ ಕಾಲ ಅದು. ಕಿಟಕಿಯಿಂದ 25 ಅಡಿ ದಾಟಿದ ಜಾಗಕ್ಕೆ ಒಳ್ಳೆಯ ಬಾಡಿಗೆ ಹುಟ್ಟುತ್ತಿರಲಿಲ್ಲ. ಎತ್ತರ ಹೋಗುವಂತಿಲ್ಲ, ನಿವೇಶನ ದೊಡ್ಡದು, ಒಳಗೆ ಬೆಳಕು ಬೇಕು. ಹೀಗಾಗಿ ಶಿಕಾಗೊದವರು ಇಡೀ ನಿವೇಶನ ತುಂಬುವ ಗಟ್ಟಿ ಚೌಕ ಕಟ್ಟಡ ಕಟ್ಟಿ, ನಡುವೆ ಬೆಳಕಿನ ಬಾವಿ ಬಿಟ್ಟರು. ಮೇಲಿನಿಂದ ನೋಡಿದರೆ ಸಾಲಾಗಿ ಇಟ್ಟ ಉದ್ದಿನವಡೆಗಳು.

ನ್ಯೂಯಾರ್ಕ್‌ನಲ್ಲಿ ಅಂಥ ಮಿತಿಯೇ ಇರಲಿಲ್ಲ. 1811ರ ನಕ್ಷೆ ಮ್ಯಾನ್‌ಹಟನ್ ದ್ವೀಪದ ಬಹುಭಾಗವನ್ನು ಚೌಕುಳಿಯಾಗಿ ಕತ್ತರಿಸಿ ನಿವೇಶನ ಮಾಡಿ ಇಟ್ಟಿತ್ತು. ಅಲ್ಲಿ ಕಟ್ಟಡವೆಂದರೆ ಜಾಹೀರಾತು ಕೂಡ: ಹೊಲಿಗೆ ಯಂತ್ರದ ಸಿಂಗರ್ ಕಂಪನಿ 1908ರಲ್ಲಿ 612 ಅಡಿ, ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿ 1909ರಲ್ಲಿ 700 ಅಡಿ, ಐದು–ಹತ್ತು ಸೆಂಟಿನ ಅಂಗಡಿಗಳ ವೂಲ್‌ವರ್ತ್ 1913ರಲ್ಲಿ 792 ಅಡಿ. ಮ್ಯಾನ್‌ಹಟನ್ನಿಗೆ ಬಂಡೆಯ ಆಸರೆಯಿದೆ, ಅದಕ್ಕೇ ಇಷ್ಟೆತ್ತರ ಎಂಬ ಮಾತು ಕೇಳಿರುತ್ತೀರಿ. ಅದು ಪೂರ್ತಿ ನಿಜವಲ್ಲ. ವೂಲ್‌ವರ್ತ್ ಕಟ್ಟಡಕ್ಕೆ ಬಂಡೆ ಸಿಕ್ಕಿದ್ದು ನೂರಡಿಗೂ ಆಳದಲ್ಲಿ. ಲಾಭ ಕಾಣುವಲ್ಲಿ ಅಷ್ಟು ಆಳಕ್ಕೂ ಅಗೆಯುತ್ತಾರೆ.

ಆಮೇಲೆ ಬಂದದ್ದು ನೆರಳು. ಬ್ರಾಡ್‌ವೇ ಬೀದಿಯ 120ನೇ ನಂಬರಿನಲ್ಲಿದ್ದ ಇಕ್ವಿಟಬಲ್ ವಿಮಾ ಕಂಪನಿಯ ಹಳೆಯ ಕಟ್ಟಡ 1912ರ ಜನವರಿಯಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ 1915ರಲ್ಲಿ ಎದ್ದ ಹೊಸ ಕಟ್ಟಡಕ್ಕೆ 38 ಮಹಡಿ. ನಿವೇಶನ ಒಂದು ಎಕರೆಗೂ ಕಡಿಮೆ, ಮಹಡಿಗಳ ಒಟ್ಟು ವಿಸ್ತೀರ್ಣ ಸುಮಾರು 12 ಲಕ್ಷ ಚದರಡಿ. ಅಂದರೆ ನಿವೇಶನದ ಹತ್ತಿರ ಹತ್ತಿರ 30 ಪಟ್ಟು. ಎಲ್ಲೂ ಹಿಂದೆ ಸರಿಯದೆ ಫುಟ್‌ಪಾತಿನ ಅಂಚಿನಿಂದಲೇ ನೆಟ್ಟಗೆ ಮೇಲೇರಿದ ಗೋಡೆ. ಅದರ ನೆರಳು 7 ಎಕರೆಯ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿದರು. ಅಕ್ಕಪಕ್ಕದ ಕಟ್ಟಡಗಳ ಬಾಡಿಗೆದಾರರು ಬೆಳಕು ಹುಡುಕಿಕೊಂಡು ಗಂಟುಮೂಟೆ ಕಟ್ಟಿದರು. ಇದರ ವಾಸ್ತುಶಿಲ್ಪಿ ಅರ್ನೆಸ್ಟ್ ಗ್ರಹಾಂ ಶಿಕಾಗೊದವರು. ತಮ್ಮ ಊರಿನಲ್ಲಿ 200 ಅಡಿಗೇ ನಿಲ್ಲಬೇಕಾಗಿದ್ದವರು ನ್ಯೂಯಾರ್ಕಿಗೆ ಬಂದು 500 ಅಡಿ ಮೀರಿ ಏರಿಸಿದರು. ಒಂದೇ ಕೈ, ಬೇರೆ ಕಾನೂನು.

1916ರ ಜುಲೈ 25ರಂದು ನ್ಯೂಯಾರ್ಕ್ ಅಮೆರಿಕದ ಮೊದಲ ಸಮಗ್ರ ವಲಯ ಕಾನೂನನ್ನು ಒಪ್ಪಿಕೊಂಡಿತು. ನೆರಳಿನ ಸಿಟ್ಟೊಂದೇ ಅದನ್ನು ತರಲಿಲ್ಲ. ಫಿಫ್ತ್ ಅವೆನ್ಯೂದ ದೊಡ್ಡ ಅಂಗಡಿಗಳವರಿಗೆ ಸಿದ್ಧ ಉಡುಪಿನ ಕಾರ್ಖಾನೆಗಳು ತಮ್ಮ ಬೀದಿಯ ಕಡೆಗೆ ಸರಿಯುತ್ತಿದ್ದುದು ನುಂಗಲಾರದ ತುತ್ತಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ವಲಸಿಗ ಕಾರ್ಮಿಕರು ಫುಟ್‌ಪಾತ್ ತುಂಬಿಕೊಂಡರೆ ಸಿರಿವಂತ ಗಿರಾಕಿಗಳು ದೂರವಾಗುತ್ತಾರೆ ಎಂಬ ದೂರು. ನಗರ ಯೋಜನೆಯ ಪಠ್ಯಗಳು ಗಾಳಿ–ಬೆಳಕಿನ ಮಾತನ್ನು ಜೋರಾಗಿ ಹೇಳಿ ಇದನ್ನು ಮೆಲ್ಲಗೆ ದಾಟಿಬಿಡುತ್ತವೆ.

ಕಾನೂನಿನ ಗಣಿತ ಸರಳ. ರಸ್ತೆ ಎಷ್ಟು ಅಗಲವೋ ಅದಕ್ಕೆ ತಕ್ಕ ಎತ್ತರದವರೆಗೆ ಗೋಡೆ ನೇರ ಏರಬಹುದು. ಅಲ್ಲಿಂದ ಮೇಲೆ, ರಸ್ತೆಯ ನಡುವಿನಿಂದ ಎಳೆದ ಇಳಿಜಾರು ಗೆರೆಯನ್ನು ಮುಟ್ಟದಂತೆ ಹಿಂದೆ ಸರಿಯುತ್ತಾ ಹೋಗಬೇಕು. ಹೀಗೆ ಸರಿದು ಸರಿದು ಕಟ್ಟಡ ನಿವೇಶನದ ಕಾಲು ಭಾಗಕ್ಕೆ ಇಳಿದ ಮೇಲೆ ಎತ್ತರಕ್ಕೆ ಮಿತಿಯಿಲ್ಲ. ಈ ಮೂರು ವಾಕ್ಯಗಳಿಂದ ಎಂಥ ಆಕಾರ ಹುಟ್ಟುತ್ತದೆ ಎಂದು 1922ರಲ್ಲಿ ಹ್ಯೂ ಫೆರಿಸ್ ಎಂಬ ಕಲಾವಿದ ಇದ್ದಲಿನಲ್ಲಿ ಬಿಡಿಸಿ ತೋರಿಸಿದರು. ಮೊದಲ ಚಿತ್ರದಲ್ಲಿ ಕಾನೂನು ಬಿಟ್ಟುಕೊಟ್ಟ ಅತಿ ದೊಡ್ಡ ಗುಡ್ಡ. ಮುಂದಿನವುಗಳಲ್ಲಿ ಬೆಳಕಿಗಾಗಿ, ಉಕ್ಕಿನ ತೊಲೆಗಳ ಅನುಕೂಲಕ್ಕಾಗಿ ಆ ಗುಡ್ಡವನ್ನು ಕೊರೆಯುತ್ತಾ ಕೊನೆಗೆ ಮೆಟ್ಟಿಲು ಮೆಟ್ಟಿಲಾದ ಗೋಪುರ. ಎಂಟು ವರ್ಷಗಳ ನಂತರ ಬಂದ ಕ್ರೈಸ್ಲರ್, 1931ರ 102 ಮಹಡಿಯ ಎಂಪೈರ್ ಸ್ಟೇಟ್ ಎರಡೂ ಈ ಗಣಿತದ ಕೂಸುಗಳೇ. ಸಿನಿಮಾದಲ್ಲಿ ಕಾಣುವ ನ್ಯೂಯಾರ್ಕಿನ ಆ ಮೆಟ್ಟಿಲು ಗೋಪುರಗಳನ್ನು ಮೊದಲು ಕಲ್ಪಿಸಿಕೊಂಡವರು ಗುಮಾಸ್ತರು ಎಂದರೆ ತಪ್ಪಿಲ್ಲ. ಶಿಕಾಗೊ 1923ರಲ್ಲಿ ಇದೇ ಬಗೆಯ ನಿಯಮ ತಂದುಕೊಂಡು ವಡೆಗಳ ಮೇಲೆ ಗೋಪುರ ಏರಿಸಿತು.

ಎರಡನೇ ತಿರುವು 1958ರಲ್ಲಿ. ಜರ್ಮನಿಯಿಂದ ಬಂದು ಶಿಕಾಗೊದಲ್ಲಿ ನೆಲೆಸಿದ್ದ ಮೀಸ್ ವಾನ್ ಡೆರ್ ರೋ, ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ಸೀಗ್ರಾಮ್ ಕಟ್ಟಡವನ್ನು ಮೆಟ್ಟಿಲುಗಳ ಗೊಡವೆಯಿಲ್ಲದೆ ನೆಟ್ಟಗೆ ನಿಲ್ಲಿಸಿ, ಮುಂದೆ ವಿಶಾಲ ಅಂಗಳ ಬಿಟ್ಟರು. ನಗರ ಎಷ್ಟು ಮರುಳಾಯಿತೆಂದರೆ 1961ರ ಹೊಸ ಕಾನೂನಿನಲ್ಲಿ ಅಂಗಳ ಬಿಟ್ಟವರಿಗೆ ಹೆಚ್ಚುವರಿ ಮಹಡಿಗಳ ಬಹುಮಾನ ಇಟ್ಟಿತು. ಕಟ್ಟುವವರು ಬಿಡುತ್ತಾರೆಯೇ? ಬಿಸಿಲಿಗೆ ಕಾದ, ಕೂರಲು ಕಟ್ಟೆಯೂ ಇಲ್ಲದ ಗ್ರಾನೈಟ್ ಬಯಲುಗಳು ಊರ ತುಂಬ ಹುಟ್ಟಿಕೊಂಡವು. ವಿಲಿಯಂ ವೈಟ್ ಎಂಬ ಪತ್ರಕರ್ತ ಕ್ಯಾಮೆರಾ ಹಿಡಿದು ಇವುಗಳಲ್ಲಿ ಜನ ಏನು ಮಾಡುತ್ತಾರೆ ಎಂದು ವರ್ಷಗಟ್ಟಲೆ ನೋಡಿ, ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ ಎಂದು ಬರೆದರು. ಇಷ್ಟು ಸಾಮಾನ್ಯ ಮಾತಿಗೂ ಸಾಕ್ಷಿ ಒದಗಿಸಬೇಕಾಯಿತು.

ಶಿಕಾಗೊದ ಇನ್ನೊಂದು ಮುಖ ಮಿಷಿಗನ್ ಅವೆನ್ಯೂ: ಒಂದು ಬದಿ ಕಟ್ಟಡಗಳ ಉದ್ದ ಗೋಡೆ, ಇನ್ನೊಂದು ಬದಿ ಬಯಲು ಮತ್ತು ಸರೋವರ. ಇದನ್ನು ಉಳಿಸಿದ್ದು ಯೋಜನೆಯಲ್ಲ, ಒಬ್ಬ ವ್ಯಾಪಾರಿಯ ಹಟ. ಆ ನೆಲದಲ್ಲಿ ಕಟ್ಟಡ ಕೂಡದು ಎಂದು 1836ರ ಹಳೆಯ ನಕ್ಷೆಯಲ್ಲಿ ಬರೆದಿತ್ತು. ಎದುರಿಗೇ ಕಚೇರಿ ಇದ್ದ ಅಂಚೆ ವ್ಯಾಪಾರದ ಕುಳ ಮಾಂಟ್ಗೊಮರಿ ವಾರ್ಡ್ ಅದನ್ನೇ ಹಿಡಿದು 1890ರಿಂದ ಸುಮಾರು ಎರಡು ದಶಕ ನಗರದ ಮೇಲೆ ಕೇಸು ನಡೆಸಿ ಗೆದ್ದರು. ಆ ಬದಿಯಲ್ಲಿ ಹಾಗೂ ಎದ್ದು ನಿಂತದ್ದು ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದರೊಳಗೇ. ಹೊರಗೆ ಪೇಟೆಯಲ್ಲಿ ಮೇಸಾನಿಕ್ ಟೆಂಪಲ್‌ಗೆ ಆಗ ಒಂದೇ ವರ್ಷ.

ಬೇರೆ ಊರುಗಳ ಲೆಕ್ಕ ಬೇರೆ. ವಾಷಿಂಗ್ಟನ್ನಿನ ಕುಳ್ಳ ಪೇಟೆಗೆ ಸಂಸತ್ ಭವನದ ಗುಮ್ಮಟದ ಮೇಲಿನ ಗೌರವ ಕಾರಣ ಎಂಬುದು ಕಟ್ಟುಕಥೆ. ಕೇರೋ ಎಂಬ ವಸತಿ ಕಟ್ಟಡ 164 ಅಡಿ ಏರಿ ನೆರೆಯವರನ್ನು ಕೆರಳಿಸಿದ ಮೇಲೆ ಬಂದ ಕಾನೂನು ಅದು. ಪ್ಯಾರಿಸ್ 1973ರ ಮಾಂಪರ್ನಾಸ್ ಗೋಪುರ ಕಂಡು ಹೌಹಾರಿ 1977ರಲ್ಲಿ ಎತ್ತರಕ್ಕೆ ಬೀಗ ಹಾಕಿ, ಗಾಜಿನ ಗೋಪುರಗಳನ್ನೆಲ್ಲ ಊರಾಚೆಯ ಲಾ ದೆಫಾನ್ಸ್‌ಗೆ ಕಳಿಸಿತು. ವಲಯ ಕಾನೂನೇ ಇಲ್ಲದ ಹ್ಯೂಸ್ಟನ್‌ನಲ್ಲೂ ಪೇಟೆ ಪೇಟೆಯಾಗಿಯೇ ಬೆಳೆದಿದೆ, ನಡುನಡುವೆ ಕಾರು ನಿಲ್ಲಿಸುವ ಬಯಲುಗಳೊಂದಿಗೆ.

ಕೆಂಪೇಗೌಡರ ಪೇಟೆ, 1809ರ ದಂಡು ಎಂಬ ಎರಡು ನಡುಪೇಟೆಗಳಿರುವ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಗಣಿತ ಹೊಸದಲ್ಲ. ಸೆಟ್‌ಬ್ಯಾಕ್ ಎಷ್ಟು, ಎಫ್‌ಎಆರ್ (ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಎಂಬ ಲೆಕ್ಕ) ಎಷ್ಟು ಎಂಬ ಮಾತು ಕಾಫಿ ಹೋಟೆಲಿನಲ್ಲೂ ಕೇಳುತ್ತದೆ. ರಸ್ತೆ ಅಗಲವಾದಷ್ಟೂ ಹೆಚ್ಚು ಕಟ್ಟಬಹುದು ಎಂಬ 1916ರ ಮೂಲ ತರ್ಕ ನಮ್ಮ ನಿಯಮಗಳಲ್ಲೂ ಕೂತಿದೆ. ನಮ್ಮಲ್ಲಿ ಕೊರತೆ ನಿಯಮದ್ದಲ್ಲ. ಮೀರಿದವರಿಂದ ದಂಡ ಕಟ್ಟಿಸಿಕೊಂಡು ಸೈ ಎನ್ನುವ ‘ಅಕ್ರಮ–ಸಕ್ರಮ’ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು. ಅಲ್ಲಿಯವರೆಗೂ, ಅದರ ನಂತರವೂ, ಕಟ್ಟಿದ್ದನ್ನು ಕೆಡವುವುದು ಹೇಗೆ ಎಂಬ ಅನುಕಂಪ ಮಾತ್ರ ನಮಗೆ ಧಾರಾಳ.

ನ್ಯೂಯಾರ್ಕಿನ 96ನೇ ಬೀದಿಯ ಪೂರ್ವದಲ್ಲಿ, ಪಾರ್ಕ್ ಅವೆನ್ಯೂ ಹತ್ತಿರ, 1986ರಲ್ಲಿ 31 ಮಹಡಿಯ ವಸತಿ ಕಟ್ಟಡವೊಂದು ಎದ್ದಿತು. ವಲಯ ಕಾನೂನಿನ ಪ್ರಕಾರ ಅಲ್ಲಿ 19ಕ್ಕಿಂತ ಹೆಚ್ಚು ಕೂಡದು. ನಗರವೇ ತನ್ನ ವಲಯ ನಕ್ಷೆಯಲ್ಲಿ ಗಡಿಯನ್ನು ತಪ್ಪಾಗಿ ತೋರಿಸಿ, ತಾನೇ ಪರವಾನಗಿ ಕೊಟ್ಟಿತ್ತು. ಆದರೂ 1988ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ, ತಪ್ಪು ಪರವಾನಗಿಯಿಂದ ಹಕ್ಕು ಹುಟ್ಟುವುದಿಲ್ಲ ಎಂದು ತೀರ್ಪು ಕೊಟ್ಟಿತು. 1993ರಲ್ಲಿ ಮೇಲಿನ 12 ಮಹಡಿಗಳನ್ನು ಮಾಲೀಕರ ಖರ್ಚಿನಲ್ಲೇ ಕೆಡವಿದರು.