ಹೊಸಕೋಟೆಯ ಕಣ್ಣು, ಸೂರ್ಯನ ಓಲಾಟ

ಚೆನ್ನೈನ ಮಾಧವರಂ ಬಸ್ ನಿಲ್ದಾಣದಿಂದ ನೆಲ್ಲೂರಿನತ್ತ ಹೊರಟರೆ ದಾರಿಯಲ್ಲಿ ಸೂಳ್ಳೂರುಪೇಟೆ ಸಿಗುತ್ತದೆ. ಅಲ್ಲಿ ಬಲಕ್ಕೆ ಹೊರಳಿದರೆ ಶ್ರೀಹರಿಕೋಟ. 2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ಅಧ್ಯಯನ ಮಾಡುವ ನೌಕೆ ಆದಿತ್ಯ-ಎಲ್1 ಮೇಲೇರಿದ್ದು ಅಲ್ಲಿಂದಲೇ. ಅದರ ಏಳು ಉಪಕರಣಗಳಲ್ಲಿ ದೊಡ್ಡದಾದ, ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡುವ ವಿಇಎಲ್‌ಸಿ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆವರಣದಲ್ಲಿ.

ಈ ಸಂಸ್ಥೆಯ ಬೇರು ಚೆನ್ನೈನದು. 1792ರಲ್ಲಿ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ಮದ್ರಾಸ್ ವೀಕ್ಷಣಾಲಯದ ಪರಂಪರೆ ಕೊಡೈಕನಾಲ್ ಬೆಟ್ಟ ಹತ್ತಿ, ಆಮೇಲೆ ಬೆಂಗಳೂರಿಗೆ ಬಂತು. ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳ ಕೊಡೈಕನಾಲ್ ಚಿತ್ರಗಳನ್ನು ಜಾನ್ ಮತ್ತು ಮೇರಿ ಎವರ್ಶೆಡ್ ದಂಪತಿ ಪರಿಶೀಲಿಸಿ 1917ರಲ್ಲೇ ಗ್ರಂಥ ತಂದಿದ್ದರು.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಕಾಂತಕ್ಷೇತ್ರದ ರೇಖೆಗಳನ್ನು ಹಿಡಿದು ಅಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುದಾವಿಷ್ಟ ಬಿಸಿ ಅನಿಲ, ಕಮಾನುಗಳಾಗಿ ನಿಂತಿರುತ್ತದೆ. 1998ರ ಜುಲೈ 14ರಂದು ಸೌರಸ್ಫೋಟವೊಂದರ ಹೊಡೆತಕ್ಕೆ ಅಂಥ ಕಮಾನುಗಳು ಅತ್ತಿತ್ತ ಓಲಾಡಿದ್ದನ್ನು ನಾಸಾದ ಟ್ರೇಸ್ ಉಪಗ್ರಹ ಸೆರೆಹಿಡಿಯಿತು. ಒಂದು ಓಲಾಟಕ್ಕೆ ನಾಲ್ಕೈದು ನಿಮಿಷ.

ಆ ನಾಲ್ಕೈದು ನಿಮಿಷಗಳಲ್ಲೇ ಎಲ್ಲ ಅಡಗಿದೆ. ತಂಬೂರಿಯ ತಂತಿಯ ಶ್ರುತಿ ಅದರ ಉದ್ದ, ಬಿಗಿತ, ತೂಕಗಳಿಂದ ನಿರ್ಧಾರವಾಗುವಂತೆ ಇಲ್ಲಿಯೂ. ಬಿಗಿತ ಕೊಡುವುದು ಕಾಂತಕ್ಷೇತ್ರ, ತೂಕ ಪ್ಲಾಸ್ಮಾದ ಸಾಂದ್ರತೆ. ಉದ್ದ ಚಿತ್ರದಲ್ಲೇ ಕಾಣುತ್ತದೆ, ಸಾಂದ್ರತೆಯನ್ನು ಅಂದಾಜಿಸಬಹುದು, ಹಾಗಾದರೆ ಕಾಂತಕ್ಷೇತ್ರ ಲೆಕ್ಕಕ್ಕೆ ಸಿಕ್ಕಂತೆ. ಕರೋನಾದ ಕಾಂತಕ್ಷೇತ್ರ ದುರ್ಬಲ, ಅಲ್ಲಿನ ರೋಹಿತರೇಖೆಗಳೋ ಬಿಸಿಯಿಂದ ಹರಡಿಕೊಂಡಿರುತ್ತವೆ. ಹಾಗಾಗಿ ಅದನ್ನು ನೇರವಾಗಿ ಅಳೆಯುವುದು ಬಲು ಕಷ್ಟ. ಟ್ರೇಸ್ ಕಂಡ ಓಲಾಟದಿಂದ ಹೊರಟ ಅಂಕಿ ಸುಮಾರು 13 ಗೌಸ್. ಒರಟು ಅಂದಾಜೇ ಸರಿ, ಆದರೂ ಕೈಗೆಟುಕದ ಜಾಗದಿಂದ ಇಷ್ಟಾದರೂ ಸಿಕ್ಕಿದ್ದು ನನಗೆ ಭೌತವಿಜ್ಞಾನದ ಅತ್ಯಂತ ಸುಂದರ ಉಪಾಯಗಳಲ್ಲೊಂದು.

ಇನ್ನೊಂದು ಸೋಜಿಗವಿದೆ. ಈ ದೊಡ್ಡ ಓಲಾಟಗಳು ಕೆಲವೇ ಸುತ್ತುಗಳಲ್ಲಿ ಅಡಗುತ್ತವೆ. ಅವುಗಳ ಶಕ್ತಿ ಕಮಾನಿನ ಹೊರಪದರದ ಸೂಕ್ಷ್ಮ ಅಲೆಗಳಿಗೆ ಸೋರಿ ಕೊನೆಗೆ ಶಾಖವಾಗುತ್ತದೆ ಎಂಬುದು ಬಲವಾದ ವಿವರಣೆ. ಆದರೆ ಇಡೀ ಕರೋನಾ ಕಾಯಲು ಅಷ್ಟು ಸಾಕೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತಲಿನ ಕಕ್ಷೆಯನ್ನು ಆದಿತ್ಯ 2024ರ ಜನವರಿ 6ರಂದು ಸೇರಿತು. ಅಲ್ಲಿ ಸೂರ್ಯಾಸ್ತವಿಲ್ಲ. ಸೂರ್ಯಬಿಂಬವನ್ನು ಒಳಗೇ ಮರೆಮಾಡಿಕೊಂಡು ವಿಇಎಲ್‌ಸಿ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಹಸಿರು ಬೆಳಕನ್ನು, 530.3 ನ್ಯಾನೋಮೀಟರ್ ರೇಖೆಯನ್ನು ನೋಡುತ್ತದೆ. ಪ್ಲಾಸ್ಮಾ ನಮ್ಮತ್ತ ಬಂದರೆ ಆ ರೇಖೆ ನೀಲಿಯತ್ತ ಸರಿಯುತ್ತದೆ, ದೂರ ಹೋದರೆ ಕೆಂಪಿನತ್ತ. ಬರಿಯ ಚಿತ್ರದಲ್ಲಿ ಕಾಣದ ಹಿಂದುಮುಂದಿನ ಓಲಾಟವೂ ಹೀಗೆ ಲೆಕ್ಕಕ್ಕೆ ಬರುತ್ತದೆ.